ಹೆಂಜೇರಿನ ಬಸವಣ್ಣಗಳು

1983ರ ಬೇಸಿಗೆ ಮುಗಿಯುತ್ತ ಬಂದಿತ್ತು. ಮುಂಗಾರು ಹಿಡಿಯುವ ಮುಂಚೆ ದನಗಳಿಗೆ ಗಂಟಲುಬೇನೆಯ ಲಸಿಕೆ ಹಾಕಿ ಮುಗಿಸಬೇಕು. ಮಂಜುಗಡ್ಡೆ ತುಂಬಿದ ಫ್ಲಾಸ್ಕನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಅಮರಾಪುರದ ಕಡೆಯಿಂದ ಹೇಮಾವತಿಗೆ ಹೋದೆ. ಪಶುವೈದ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳಾಗಿತ್ತು. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಹಳ್ಳಿಯವರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ.

ಲಸಿಕೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಒಬ್ಬ ತಾತ ಬಂದು ಮನೆಗೆ ಕರೆದ. ಜೋಡೆತ್ತಿನಲ್ಲಿ ಒಂದು ಹಿಂದಿನ ರಾತ್ರಿ ಹಗ್ಗ ಬಿಚ್ಚಿಕೊಂಡು ರಾಗಿ ರಾಶಿಗೆ ಬಾಯಿ ಹಾಕಿತ್ತು. ಬೆಳಗಿನಿಂದ ಎದ್ದಿಲ್ಲ. ನಾನು ನೇರ ಹೋಗಿ ಬಾಲ ಹಿಡಿದು ತಿರುಚಿ ಎಬ್ಬಿಸಲು ನೋಡಿದೆ. ತಾತ ನನ್ನ ಕೈ ಹಿಡಿದುಕೊಂಡ.

"ಬ್ಯಾಡಿ ಸ್ವಾಮಿ. ಮೊದ್ಲು ಅದು ಹೆಂಗ್ ಮನಗೈತೆ ನೋಡಿ."

ನೋಡಿದೆ. ಗದ್ದ ನೆಲಕ್ಕೆ ಊರಿತ್ತು. ಕಿವಿ ಜೋತುಬಿದ್ದಿದ್ದವು. ಮೆಲುಕು ಇಲ್ಲ. ಅಡುಗೆ ಸೋಡಾ ಕದಡಿ ಗೊಟ್ಟದಲ್ಲಿ ಕುಡಿಸಿದೆವು, ಮಧ್ಯಾಹ್ನ ಇನ್ನೊಂದು ಸಲ ಕುಡಿಸಿದೆವು. ಕಾಯುವ ಹೊತ್ತಿನಲ್ಲಿ ತಾತ ನನ್ನನ್ನು ದೊಡ್ಡಪ್ಪನ, ಅಂದರೆ ದೊಡ್ಡೇಶ್ವರನ, ಗುಡಿಗೆ ಕರೆದುಕೊಂಡು ಹೋದ. ಸುಖವಾಗಿರುವ ದನ ಹೇಗೆ ಮಲಗುತ್ತದೆ ಎಂದು ಕಲಿಯಬೇಕಾದರೆ ಇಲ್ಲಿ ನೋಡಿ ಎಂದು ದೊಡ್ಡೇಶ್ವರನ ಎದುರಿಗಿನ ಬಸವಣ್ಣನನ್ನು ತೋರಿಸಿದ. ಎತ್ತು ಮೂರನೆಯ ದಿನ ಎದ್ದಿತು. ಆ ಬಸವಣ್ಣನನ್ನು ಮಾತ್ರ ನಾನು ನಲವತ್ತು ವರ್ಷಗಳಿಂದ ನೋಡುತ್ತಲೇ ಇದ್ದೇನೆ.

ಒಂದೇ ಕರಿಕಲ್ಲು. ಅದನ್ನು ಎಷ್ಟು ನಯ ಮಾಡಿದ್ದಾರೆಂದರೆ ಅಂಗೈ ಸವರಿದರೆ ಎಲ್ಲಿಯೂ ತಡೆಯುವುದಿಲ್ಲ. ಹೊಟ್ಟೆಯ ಭಾರ ನೆಲಕ್ಕೆ ಇಳಿದಿದೆ, ಕತ್ತು ಎತ್ತಿದೆ. ಹಿಣಿಲು ಹೆಗಲ ಮೇಲೆ ಕೂತಿರುವ ರೀತಿಯಲ್ಲೇ ಗೊತ್ತಾಗುತ್ತದೆ, ಇದು ನೊಗಕ್ಕೆ ಹೆಗಲು ಕೊಟ್ಟ ಎತ್ತಲ್ಲ, ಬೀಜದ ಗೂಳಿ. ಎತ್ತಿನ ಹೆಗಲಲ್ಲಿ ನೊಗ ಉಜ್ಜಿದ ಜಾಗ ಗಟ್ಟಿಯಾಗಿ, ಹಿಣಿಲು ಬಡವಾಗಿರುತ್ತದೆ. ಗಂಗೆದೊಗಲಿನ ಮಡಿಕೆಗಳನ್ನು ನೋಡಿ. ಗದ್ದದ ಕೆಳಗಿನಿಂದ ಎದೆಯವರೆಗೆ ತೊಗಲು ತನ್ನ ಭಾರಕ್ಕೆ ತಾನೇ ಇಳಿಬಿದ್ದಿದೆ. ಕಲ್ಲು ಇಳಿಬೀಳುವ ವಸ್ತುವಲ್ಲ, ಇದನ್ನು ಕಡೆದವನು ಅದನ್ನು ಇಳಿಬೀಳಿಸಿದ್ದಾನೆ. ದನದ ಕೊರಳಿಗೆ ಗೆಜ್ಜೆಸರ ಕಟ್ಟುವವರಿಗೆ ತಿಳಿದಿರುತ್ತದೆ, ಸರ ಎಲ್ಲಿ ತೊಗಲನ್ನು ಒತ್ತುತ್ತದೆ, ಎಲ್ಲಿ ಸಡಿಲವಾಗಿ ನಿಲ್ಲುತ್ತದೆ ಎಂದು. ಕಡೆದವನಿಗೂ ಅದು ತಿಳಿದಿತ್ತು. ಉಳಿ ಸುತ್ತಿಗೆ ಹಿಡಿಯುವ ಮೊದಲು ಅವನ ಕೈ ಹಗ್ಗ ಹಿಡಿದಿತ್ತು ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಬಹಳ ಕಾಲ ಕಾಡಿತು. ದಕ್ಷಿಣದ ಬಹಳಷ್ಟು ನಂದಿಗಳಲ್ಲಿ ಒಂದು ಮುಂಗಾಲು ಮಡಿಸಿರುತ್ತದೆ, ಇನ್ನೊಂದರ ಮಂಡಿ ಮೇಲೆದ್ದು ಗೊರಸು ನೆಲಕ್ಕೆ ಊರಿರುತ್ತದೆ. ಈಗ ಏಳಲಿದೆಯೋ ಎಂಬಂತೆ. ಆದರೆ ದನ ಹಾಗೆ ಏಳುವುದಿಲ್ಲ. ಕುದುರೆ ಮುಂಗಾಲೂರಿ ಏಳುತ್ತದೆ. ದನವಾದರೋ ಮಂಡಿಯೂರಿ ಮುಂದಕ್ಕೆ ತೂಗಿ ಮೊದಲು ಹಿಂಭಾಗವನ್ನು ಎತ್ತುತ್ತದೆ. ಹಿಂಗಾಲುಗಳು ನಿಂತ ಮೇಲೆ ಒಂದು ಮುಂಗಾಲನ್ನು ಊರುತ್ತದೆ, ಆಮೇಲೆ ಇನ್ನೊಂದನ್ನು. ಅಂದರೆ ಮುಂಗೊರಸು ಹೀಗೆ ಊರುವ ಹೊತ್ತಿಗೆ ಹಿಂಭಾಗ ಆಗಲೇ ಮೇಲಿರಬೇಕು. ಉಳಿದೆಲ್ಲವನ್ನೂ ಇಷ್ಟು ಸರಿಯಾಗಿ ಬಲ್ಲ ಶಿಲ್ಪಿಗಳಿಗೆ ಇದೊಂದು ತಿಳಿದಿರಲಿಲ್ಲವೇ? ತಾತನನ್ನು ಕೇಳಿದೆ. ಅವನು ಯೋಚನೆ ಕೂಡ ಮಾಡಲಿಲ್ಲ. "ಶಿವ ಕರೆದ್ರೆ ತಡ ಆಗಬಾರ್ದಲ್ಲ ಸ್ವಾಮಿ, ಅದಕ್ಕೆ" ಎಂದ. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿಲ್ಲ.

ಹೇಮಾವತಿಯ ಹಳೆಯ ಹೆಸರು ಹೆಂಜೇರು. ಶಾಸನಗಳಲ್ಲಿ ಪೆಂಜೇರು ಎಂದೂ ಬರುತ್ತದೆ. ಇವತ್ತು ಬಸ್ಸಿಳಿದವರಿಗೆ ಇದೊಂದು ರಾಜಧಾನಿಯಾಗಿತ್ತು ಎಂದರೆ ನಂಬಿಕೆ ಬರುವುದಿಲ್ಲ. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬರು ಇಲ್ಲಿದ್ದರು. ಈಗಿನ ಅನಂತಪುರ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳ ಭಾಗಗಳು ಅವರ ಕೈಯಲ್ಲಿದ್ದವು. ಮಹೇಂದ್ರ, ಅಯ್ಯಪದೇವ, ಅಣ್ಣಿಗ, ದಿಲೀಪ ಇವೆಲ್ಲ ಒಂಬತ್ತು ಹತ್ತನೆಯ ಶತಮಾನದ ಹೆಸರುಗಳು. ಅವರ ವಂಶಾವಳಿಯನ್ನು ಹೇಳುವ ಕಂಬಶಾಸನ ಹೇಮಾವತಿಯದೇ. ಮೂಲಪುರುಷ ತ್ರಿನಯನ ಪಲ್ಲವ, ತಾವು ಪಲ್ಲವಾನ್ವಯದವರು ಎಂದು ಅವರು ಹೇಳಿಕೊಂಡರು. ಕಂಚಿಯ ಪಲ್ಲವರ ಲಾಂಛನ ವೃಷಭ. ಶಿವನ ಮುಂದೆ ಇಷ್ಟು ಮನಸ್ಸಿಟ್ಟು ಬಸವಣ್ಣಗಳನ್ನು ಕೂರಿಸಿದ್ದಕ್ಕೆ ಭಕ್ತಿಯ ಜೊತೆ ಈ ಕುಲದ ಅಭಿಮಾನವೂ ಒಂದು ಕಾರಣ ಇರಬೇಕೆಂದು ನನಗೆ ಅನಿಸುತ್ತದೆ. ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳ ಆವರಣದಲ್ಲಿ ಒಂದಲ್ಲ, ಹಲವು ಬಸವಣ್ಣಗಳಿವೆ. ಕೆಲವು ಕೈಯಳತೆಯವು, ಕೆಲವಕ್ಕೆ ಮುಖ ಇಲ್ಲ.

ಸಿದ್ಧೇಶ್ವರನ ಗುಡಿಯಲ್ಲಿ ಲಿಂಗವಿಲ್ಲ, ಕೂತ ಶಿವನ ಮೂರ್ತಿಗೇ ಪೂಜೆ. ನಮ್ಮ ಸೀಮೆಯವರಿಗೆ ಅವನು ಸಿದ್ದಪ್ಪ. ಶಿವರಾತ್ರಿಗೆ ಆಂಧ್ರ, ಕರ್ನಾಟಕಗಳ ಗಡಿಯ ಆಚೆ ಈಚೆ ಎರಡೂ ಕಡೆಯಿಂದ ಜನ ಬರುತ್ತಾರೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನೊಳಂಬರ ಕಾಲದ ಈ ಸೀಮೆಯಲ್ಲಿ ದನವೇ ಸಂಪತ್ತು. ಮಳೆ ಕಡಿಮೆ, ಹುಲ್ಲುಗಾವಲು ಹೆಚ್ಚು. ಬೇರೆ ಊರಿನ ಮೇಲೆ ಹೋಗುವವರು ಮೊದಲು ಹೊಡೆಯುತ್ತಿದ್ದದ್ದು ತುರುಮಂದೆಯನ್ನು. ಅದನ್ನು ತಿರುಗಿ ತರಲು ಹೋದವರು ಸತ್ತರೆ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. ತುರುಗೋಳಿನ ವೀರಗಲ್ಲುಗಳನ್ನು ನಾನು ಲಸಿಕೆಗೆ ಹೋದ ಎಷ್ಟೋ ಹಳ್ಳಿಗಳಲ್ಲಿ ಕಂಡಿದ್ದೇನೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಒಂದು ಕಡೆಯಂತೂ ಬಟ್ಟೆ ಒಗೆಯುವ ಕಲ್ಲಾಗಿ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಎಳೆದ ವೀರ, ಅವನ ಹಿಂದೆ ಅಥವಾ ಕಾಲ ಬಳಿ ಒತ್ತೊತ್ತಾಗಿ ದನಗಳು. ವೀರನ ಮುಖ ಸವೆದಿರುತ್ತದೆ, ದನದ ಕೋಡು ಮಾತ್ರ ಇನ್ನೂ ಕೈಗೆ ಸಿಗುತ್ತದೆ. ಒಂದು ಹಸುವಿಗಾಗಿ ಮನುಷ್ಯ ಪ್ರಾಣ ಕೊಟ್ಟ ಕಾಲ ಅದು. ಪ್ರಾಣಿಯನ್ನೂ ವೀರನೆಂದು ಎಣಿಸಿದ ಕಾಲ ಕೂಡ. ಮಂಡ್ಯದ ಕಡೆ ಆತಕೂರಿನಲ್ಲಿ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಹಂದಿಯೊಡನೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತ ನಾಯಿ ಅದು, ಸುಮಾರು 950ರ ಮಾತು. ಬೆಂಗಳೂರಿನ ಬೇಗೂರಿನ ಕಲ್ಲಿನಲ್ಲಿ ನಮ್ಮ ನೊಳಂಬ ಅಯ್ಯಪದೇವನಿಗೆ ನೆರವಾಗಲು ಗಂಗರ ಎರೆಯಪ್ಪ ಕಳಿಸಿದ ನಾಗತ್ತರ ತುಂಬೆಪಾಡಿಯ ಕಾಳಗದಲ್ಲಿ ಆನೆಗಳಿಗೆ ಎದುರಾಗಿ ಮಡಿದದ್ದು ಕೊರೆದಿದೆ. ಇವೆರಡೂ ಕಲ್ಲುಗಳು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿವೆ. ನಮ್ಮೂರಿನ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವವರು ವಿಧಾನಸೌಧದ ಜೊತೆ ಇದನ್ನೂ ತೋರಿಸಬೇಕು.

ಹೇಮಾವತಿಯ ಬಸವಣ್ಣ ಯಾವ ತಳಿ ಎಂದು ನನ್ನನ್ನು ಕೇಳಿದವರಿದ್ದಾರೆ. ಹಳ್ಳಿಕಾರ್ ಎಂದು ಹೇಳಿಬಿಡಲು ಆಸೆಯಾಗುತ್ತದೆ. ತುಮಕೂರು ಸೀಮೆ ಹಳ್ಳಿಕಾರಿನ ತವರು. ಅದರ ನೆಂಟನಾದ ಅಮೃತಮಹಲ್ ತಳಿಯ ಕಾವಲುಗಳು ಚಿತ್ರದುರ್ಗ, ತುಮಕೂರಿನ ಉದ್ದಕ್ಕೂ ಇದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಎಂದು ಹೆಸರು, ಅಮೃತಮಹಲ್ ಎಂದದ್ದು ಟಿಪ್ಪು. ಆದರೆ ಹಳ್ಳಿಕಾರಿನ ಗುರುತು ಉದ್ದ ಮುಖ, ನಡುವೆ ಗೆರೆ ಬಿದ್ದ ಹಣೆ, ಹಿಂದಕ್ಕೆ ಬಾಗಿ ಮೇಲೇರುವ ಉದ್ದ ಕೋಡು. ಕಲ್ಲಿನ ಬಸವಣ್ಣನ ಮುಖ ಗಿಡ್ಡ, ತುಂಬಿದ ಮುಖ. ಕೋಡು ನೋಡಿ ಹೇಳೋಣವೆಂದರೆ ನಂದಿಗಳ ಕೋಡನ್ನು ಶಿಲ್ಪಿಗಳು ಮೋಟಾಗಿಯೇ ಬಿಡುತ್ತಾರೆ. ಉದ್ದ ಕೋಡನ್ನು ಕಲ್ಲಿನಲ್ಲಿ ಕಡೆದರೆ ಮೊದಲು ಮುರಿಯುವುದೇ ಅದು. ಅದಕ್ಕೇ ನಾನು ತಳಿ ಹೇಳುವುದಿಲ್ಲ. ಹಿಂದಕ್ಕೆ ಹೋಗಿ ಬಾಲದ ಬುಡ ನೋಡಿದರೆ ಬೀಜದ ಗೂಳಿ ಎಂಬುದು ಮಾತ್ರ ಸ್ಪಷ್ಟ. ಹಿರಿಯರು ಅಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಎರಡು ಕೋಡುಗಳ ನಡುವಿನಿಂದ ಲಿಂಗ ನೋಡುತ್ತಾರೆ.

ಆ ಬೀಜದ ವಿಷಯ ನನ್ನ ಕಸುಬಿನದು. ಬರ್ಡಿಜೋ ಇಕ್ಕಳ ಹಿಡಿದು ಸಾವಿರಾರು ಹೋರಿಗಳನ್ನು ಎತ್ತು ಮಾಡಿದ್ದೇನೆ. ಆದ್ದರಿಂದಲೇ ಅಶೋಕನ ಒಂದು ಕಂಬಶಾಸನದ ಸಾರವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಇಂಥ ತಿಥಿಗಳಲ್ಲಿ ಗೂಳಿಗೆ, ಹೋತಕ್ಕೆ, ಟಗರಿಗೆ ಬೀಜ ಒಡೆಯಬಾರದು, ಇಂಥ ನಕ್ಷತ್ರದ ದಿನ ಎತ್ತಿಗೂ ಕುದುರೆಗೂ ಬರೆ ಹಾಕಬಾರದು ಎಂದು ಉತ್ತರದಲ್ಲಿ ಕಂಬದ ಮೇಲೆ ಬರೆಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ನನ್ನ ಕೈಯ ಇಕ್ಕಳದ ಬಗ್ಗೆ ಯೋಚಿಸಿದ್ದ.

ನಮ್ಮ ಕಡೆಗೂ ಅವನ ಮಾತು ಬಂದಿದೆ. ನಾನು ಗುತ್ತಿಯಲ್ಲಿದ್ದಾಗ ಒಂದು ಭಾನುವಾರ ಪತ್ತಿಕೊಂಡದ ದಾರಿಯಲ್ಲಿರುವ ಎರ್ರಗುಡಿಗೆ ಹೋದೆ. ಗುಡ್ಡದ ಬಂಡೆಗಳ ಮೇಲೆ ಬ್ರಾಹ್ಮಿ ಅಕ್ಷರ. 1920ರ ದಶಕದ ಕೊನೆಗೆ ಒಬ್ಬ ಭೂವಿಜ್ಞಾನಿಯ ಕಣ್ಣಿಗೆ ಬೀಳುವವರೆಗೆ ಅದು ಕುರಿ ಕಾಯುವವರಿಗೆ ಮಾತ್ರ ಗೊತ್ತಿದ್ದ ಬರಹ. ಅಲ್ಲಿನ ಎರಡನೆಯ ಶಾಸನ ಹೇಳುವುದು ಇದು: ತನ್ನ ರಾಜ್ಯದಲ್ಲೂ, ಗಡಿಯಾಚೆಯ ಚೋಳ ಪಾಂಡ್ಯರ ನಾಡುಗಳಲ್ಲೂ, ತಾಮ್ರಪರ್ಣಿಯವರೆಗೂ ಎರಡು ಬಗೆಯ ಚಿಕಿತ್ಸೆಗೆ ಏರ್ಪಾಡಾಗಿದೆ, ಮನುಷ್ಯರ ಚಿಕಿತ್ಸೆ ಮತ್ತು ಪಶುಗಳ ಚಿಕಿತ್ಸೆ. ಎರಡಕ್ಕೂ ಬೇಕಾದ ಗಿಡಮೂಲಿಕೆ ಇಲ್ಲದ ಕಡೆ ತರಿಸಿ ನೆಡಲಾಗಿದೆ. ದಾರಿಯಲ್ಲಿ ಬಾವಿ ತೋಡಿಸಿ ಮರ ಬೆಳೆಸಿದ್ದು ಮನುಷ್ಯರಿಗೂ ಪಶುಗಳಿಗೂ. ಪಕ್ಕದಲ್ಲಿ ಇನ್ನೊಂದು ಶಾಸನ, ಅರಮನೆಯ ಅಡುಗೆಗೆ ಸಾಯುತ್ತಿದ್ದ ಪ್ರಾಣಿಗಳ ಲೆಕ್ಕ. ಮೊದಲು ಲಕ್ಷಗಟ್ಟಲೆ, ಈಗ ಎರಡು ನವಿಲು ಒಂದು ಜಿಂಕೆ, ಮುಂದೆ ಅದೂ ಇಲ್ಲ. ಬಿಸಿಲಿನಲ್ಲಿ ಬಂಡೆ ಕಾದಿತ್ತು. ದನದ ಆಸ್ಪತ್ರೆಯ ನೌಕರನಾದ ನಾನು ಅಲ್ಲಿ ಬಹಳ ಹೊತ್ತು ಕೂತೆ. ನಮ್ಮ ಇಲಾಖೆಯ ಮೊದಲ ಆದೇಶಪತ್ರವನ್ನು ಓದಿದ ಹಾಗಿತ್ತು.

ಆಮೇಲೆ ರಾಯದುರ್ಗಕ್ಕೆ ವರ್ಗವಾಯಿತು. ರಾಯದುರ್ಗದ ಕೋಟೆಬೆಟ್ಟದಿಂದ ಪಶ್ಚಿಮಕ್ಕೆ ಹೋಗಿ ರಾಜ್ಯದ ಗಡಿ ದಾಟಿದರೆ ಮೊಳಕಾಲ್ಮೂರು, ಅಲ್ಲಿಂದ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ. ಮೂರೂ ಕಡೆ ಅಶೋಕನ ಬಂಡೆಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಗುರುತಿಸಿದರು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಕಳಿಸಿದ ಮಾತದು. ಬೌದ್ಧಸಂಘಕ್ಕೆ ಹತ್ತಿರವಾದ ಮೇಲೆ ತಾನು ಹೆಚ್ಚು ಶ್ರಮಿಸಿದೆನೆಂದು ರಾಜ ಹೇಳಿಕೊಳ್ಳುತ್ತಾನೆ. ತಾಯಿತಂದೆಯ ಮಾತು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ನಿಜ ನುಡಿಯಬೇಕು ಎನ್ನುತ್ತಾನೆ. ಕೊನೆಗೆ ಬರೆದವನು ಚಪಡ ಎಂದು ಹೆಸರು ಹಾಕಿ, ಲಿಪಿಕಾರ ಎಂಬರ್ಥದ ಮಾತನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಎದುರಿನ ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಜಟಾಯು ಬಿದ್ದನೆಂದು ಜನರ ನಂಬಿಕೆ. ಹೆಣ್ಣೊಬ್ಬಳನ್ನು ಉಳಿಸಲು ಹೋಗಿ ರೆಕ್ಕೆ ಕಳೆದುಕೊಂಡ ಹಕ್ಕಿಗೆ ಇಲ್ಲಿನವರು ಒಂದು ಬೆಟ್ಟವನ್ನೇ ಕೊಟ್ಟಿದ್ದಾರೆ.

ಒಂದು ಸಂಗತಿ ಆಗಲೇ ನನ್ನ ತಲೆಯಲ್ಲಿ ಕೂತದ್ದು. ಒಡಿಶಾದ ಧೌಲಿಯಲ್ಲಿ ಅಶೋಕನ ಶಾಸನದ ಮೇಲೆ ಬಂಡೆಯಿಂದ ಹೊರಬರುತ್ತಿರುವ ಆನೆ ಇದೆ. ಬಿಹಾರದ ರಾಂಪೂರ್ವಾದ ಕಂಬದ ಮೇಲಿದ್ದ ಗೂಳಿ ಈಗ ದೆಹಲಿಯ ರಾಷ್ಟ್ರಪತಿ ಭವನದಲ್ಲಿದೆ. ಸಾರನಾಥದ ಸಿಂಹಗಳ ಕೆಳಗಿನ ಫಲಕದಲ್ಲಿ ಆನೆ, ಗೂಳಿ, ಕುದುರೆ, ಸಿಂಹ ನಡೆಯುತ್ತಿವೆ. ಬೌದ್ಧರ ಪ್ರಾಣಿಗಳು ಅಲ್ಲಿ ಕಲ್ಲಾಗಿ ನಿಂತವು. ಎರ್ರಗುಡಿ, ಬ್ರಹ್ಮಗಿರಿಯ ಬಂಡೆಗಳಿಗೆ ಬಂದದ್ದು ಅಕ್ಷರ ಮಾತ್ರ. ಪ್ರಾಣಿ ಬರಲಿಲ್ಲ. ಸಾವಿರ ವರ್ಷ ಕಳೆದು ಇದೇ ಬಯಲಿನಲ್ಲಿ ಕರಿಕಲ್ಲಿಗೆ ಕೈ ಹಾಕಿ ದನದ ಮೈಯನ್ನು ತೊಗಲು, ಮಾಂಸ, ಭಾರ ಸಮೇತ ತಂದವರು ಹೆಂಜೇರಿನವರು. ಅವರು ಶೈವರು, ಅಶೋಕನ ಹೆಸರನ್ನೂ ಕೇಳಿದವರಲ್ಲ, ಅವನ ಲಿಪಿಯನ್ನು ಓದಬಲ್ಲವರೂ ಆಗ ಇರಲಿಲ್ಲ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಸೈಕಲ್ಲು, ಆಮೇಲೆ ನನ್ನ ಬೈಕು ಓಡಿದ ಸೀಮೆಯಲ್ಲಿ ಇವೆರಡೂ ಇವೆ. ದನಕ್ಕೆ ಮದ್ದು ಕೊಡಿ ಎಂಬ ಬರಹ ಒಂದು ಕಡೆ, ಮದ್ದು ಬೇಡದ, ನೆಮ್ಮದಿಯಾಗಿ ಮಲಗಿದ ದನ ಇನ್ನೊಂದು ಕಡೆ. ಇದಕ್ಕಿಂತ ದೊಡ್ಡ ಐಶ್ವರ್ಯ ಈ ಬರದ ಸೀಮೆಗೆ ಇಲ್ಲ.

ಗಡಿಯ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಹೇಮಾವತಿ ಇರುವ ಮಡಕಶಿರ ತಾಲ್ಲೂಕು ಇತ್ತ ಬಂತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾದಾಗ ಬಳ್ಳಾರಿಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. 2022ರಲ್ಲಿ ಮಡಕಶಿರವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಮಡಕಶಿರದ ಮೂರು ಕಡೆ ಕರ್ನಾಟಕ, ಪಾವಗಡದ ಸುತ್ತ ಹೆಚ್ಚಾಗಿ ಆಂಧ್ರ. ನಾನು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ದನದ ಹತ್ತಿರ ಎರಡೂ ಮಾತಾಡಿದವನು. ತೆಲುಗಿನ ಮೇಲೆ ನನಗೆ ಯಾವ ಮುನಿಸೂ ಇಲ್ಲ, ಅದು ನನಗೆ ಅನ್ನ ಕೊಟ್ಟ ಭಾಷೆ. ಸಂಕಟ ಒಂದೇ: ಹೇಮಾವತಿಯ ಶಾಸನಗಳ ಹಳಗನ್ನಡವನ್ನು ಅದೇ ಊರಿನ ಮಕ್ಕಳಿಗೆ ಓದಿ ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಹೆಂಜೇರಿನ ಕಲ್ಲುಗಳು ಚದುರಿದ್ದು ಇವತ್ತಲ್ಲ. ಗಂಗರ ಮಾರಸಿಂಹ ನೊಳಂಬರನ್ನು ಸೋಲಿಸಿ ನೊಳಂಬಕುಲಾಂತಕ ಎಂದೇ ಬಿರುದು ಧರಿಸಿದ. ಆಮೇಲೆ ಬಂದ ಚೋಳರು ನೊಳಂಬರ ಕಂಬಗಳನ್ನು ಗೆಲುವಿನ ಗುರುತಾಗಿ ಕಾವೇರಿಯ ದಂಡೆಗೆ ಒಯ್ದರು. ತಂಜಾವೂರಿನ ಹತ್ತಿರದ ತಿರುವೈಯಾರಿನ ಗುಡಿಯಲ್ಲಿ ಅವು ಇಂದಿಗೂ ಮಾಡು ಹೊತ್ತು ನಿಂತಿವೆ. ಆ ಗಟ್ಟಿ ಕಲ್ಲನ್ನು ಅಷ್ಟು ದೂರ ಎಳೆದದ್ದು ಎತ್ತುಗಳೇ ಇರಬೇಕು. ಇಂಗ್ಲಿಷರ ಕಾಲಕ್ಕೆ ಇನ್ನೊಂದಿಷ್ಟು ಶಿಲ್ಪ, ಕಂಬಗಳು ಮದರಾಸಿನ ಮ್ಯೂಸಿಯಮ್ಮಿಗೆ ಹೋದವು. ಸಿ. ಶಿವರಾಮಮೂರ್ತಿಯವರು 1964ರಲ್ಲಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಉಳಿದದ್ದು ಎತ್ತಲಾರದ್ದು. ದೊಡ್ಡೇಶ್ವರನ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿ ಕಿಟಕಿಗಳು, ಗೋಡೆಯಲ್ಲಿದ್ದುದರಿಂದ ಉಳಿದವು, ಬಸವಣ್ಣ ತನ್ನ ಭಾರದಿಂದ ಉಳಿದ.

ಚಿಕ್ಕ ಬಸವಣ್ಣಗಳಿಗೆ ಆ ಅದೃಷ್ಟವಿಲ್ಲ. ನಾನು ಓಡಾಡಿದ ಹಳ್ಳಿಗಳಲ್ಲಿ ನಿಧಿಯ ಆಸೆಗೆ ನಂದಿಯ ಬುಡ ಅಗೆದು ಹೊರಳಿಸಿದ್ದನ್ನು, ಹೊಟ್ಟೆಯಲ್ಲಿ ವಜ್ರವಿದೆಯೆಂದು ಒಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಬೆಳಿಗ್ಗೆ ಬಯಲಗುಡಿಯ ಮುಂದೆ ಎರಡು ಹೋಳಾಗಿ ಬಿದ್ದಿದ್ದ ಬಸವಣ್ಣನ ಪಕ್ಕ ಒಬ್ಬ ಅವ್ವ ಕೂತು ಅದರ ಬೆನ್ನು ಸವರುತ್ತಿದ್ದಳು. "ಏನಿತ್ತಪ್ಪಾ ಇದರ ಹೊಟ್ಟೆಯಾಗೆ, ಕಲ್ಲೇ ಅಲ್ವಾ" ಎಂದಳು. ನನಗೆ ಉತ್ತರ ಹೊರಡಲಿಲ್ಲ.

ಕಳೆದ ವರ್ಷ ಆ ತಾತನ ಮೊಮ್ಮಗ ಫೋನು ಮಾಡಿದ. ಅವರ ಮನೆಯಲ್ಲಿ ಈಗ ಎತ್ತಿಲ್ಲ, ಬಾಡಿಗೆ ಟ್ರಾಕ್ಟರಿನಲ್ಲಿ ಉಳುಮೆ. ಹಾಲಿಗೆ ಎರಡು ಸೀಮೆಹಸು. ಅದರಲ್ಲಿ ಒಂದು ಹಿಂದಿನ ರಾತ್ರಿ ಕರು ಹಾಕಿ ಬೆಳಿಗ್ಗೆ ಏಳದೆ ಮಲಗಿತ್ತು. "ಹೆಂಗ್ ಮನಗೈತಪ್ಪಾ?" ಎಂದು ಕೇಳಿದೆ. "ಕತ್ತು ಪಕ್ಕೆಗೆ ತಿರುಗಿಸ್ಕಂಡೈತೆ ಸಾರ್, ಕಿವಿ ತಣ್ಣಗವೆ" ಎಂದ. ಹಾಲುಜ್ವರ. ಡಾಕ್ಟರಿಗೆ ಕೂಡಲೆ ಹೇಳು, ಕ್ಯಾಲ್ಸಿಯಂ ತರಲಿ ಎಂದು ಹೇಳಿ ನಾನೂ ಬಸ್ಸು ಹಿಡಿದೆ.

ನಾನು ಹೋಗಿ ತಲುಪುವ ಹೊತ್ತಿಗೆ ಹುಡುಗ ಡಾಕ್ಟರು ಕತ್ತಿನ ನರಕ್ಕೆ ಸೂಜಿ ಹಾಕಿ ಬಾಟಲಿಯನ್ನು ಎತ್ತಿ ಹಿಡಿದಿದ್ದರು. ನಿಧಾನವಾಗಿ ಇಳಿಸುತ್ತಿದ್ದರು, ಇನ್ನೊಂದು ಕೈ ಹಸುವಿನ ಎದೆಯ ಮೇಲೆ. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಮೈಯಲ್ಲಿ ಸಣ್ಣ ನಡುಕ ಬಂತು, ಹಸು ತೇಗಿತು, ಸಗಣಿ ಹಾಕಿತು. ಕತ್ತು ಪಕ್ಕೆಯಿಂದ ತಾನೇ ಬಿಡಿಸಿಕೊಂಡು ನೇರವಾಯಿತು. ಯಾರೂ ಬಾಲ ಮುಟ್ಟಲಿಲ್ಲ. ಮಂಡಿಯೂರಿ ಮುಂದಕ್ಕೆ ತೂಗಿ ಹಿಂಭಾಗವನ್ನು ಎತ್ತಿತು. ಒಂದು ಮುಂಗಾಲು ಇನ್ನೂ ಮಡಿಸಿಯೇ ಇತ್ತು, ಇನ್ನೊಂದರ ಗೊರಸು ನೆಲಕ್ಕೆ ಊರಿತ್ತು. ಅದು ಹಾಗೆ ಒಂದು ಕ್ಷಣ ನಿಂತಿತು. ಆಮೇಲೆ ಪೂರ್ತಿ ಎದ್ದು, ಕಿವಿ ಕೊಡವಿ, ಕರುವಿನ ಕಡೆ ತಿರುಗಿತು.